ನಲ್ಲಿಯ ಕೆಳಗೆ ಬಿಟ್ಟ ಕೊಡ

ಪುಣೆಯ ಪಕ್ಕದ ಚಿಂಚವಾಡದ ನಮ್ಮ ಕಟ್ಟಡಕ್ಕೆ ಕಾರ್ಪೊರೇಷನ್ ನೀರು ಬರುವುದು ಬೆಳಿಗ್ಗೆ, ಅದೂ ಸರಿಯಾಗಿ ನಾನು ರೊಟ್ಟಿ ಬಡಿಯುವ ಹೊತ್ತಿಗೆ. ಒಂದು ಕಿವಿ ನಲ್ಲಿಯ ಕಡೆ, ಎರಡೂ ಕಣ್ಣು ಹಂಚಿನ ಕಡೆ. ಆ ದಿನವೂ ಹಾಗೇ. ಕೊಡ ತುಂಬಿದ ಸದ್ದು ಕೇಳಿ ಹಿಟ್ಟಿನ ಕೈಯಲ್ಲೇ ಬಚ್ಚಲಿಗೆ ಓಡಿದೆ. ಕೊಡ ಸರಿಸಿ ಬಕೆಟ್ ಇಡಬೇಕು ಅನ್ನುವಷ್ಟರಲ್ಲಿ ರೊಟ್ಟಿ ಸೀದ ವಾಸನೆ ಬಂತು. ಕೊಡವನ್ನು ನಲ್ಲಿಯ ಕೆಳಗೇ ಬಿಟ್ಟು ವಾಪಸು ಓಡಿದೆ.

"ಅವ್ವಾ, ನನ್ನ ಡಬ್ಬಿ!" ಎಂದು ಮಗ ರೋಹಿತ ಬಾಗಿಲಲ್ಲಿ ಬೂಟು ಹಾಕಿಕೊಳ್ಳುತ್ತ ಕೂಗಿದ.

"ಎಷ್ಟು ಕೈ ಅದಾವೋ ನನಗ?"

ಆಗಲೇ ಬಚ್ಚಲಲ್ಲಿ ಕೊಡ ಉರುಳಿದ ಸದ್ದಾಯಿತು. ಹಿಂದೆಯೇ "ಯವ್ವಾ" ಎಂಬ ಕೂಗು.

ಅತ್ತೆ ಶಿವಗಂಗವ್ವ ಬಚ್ಚಲ ಹೊಸ್ತಿಲಿಗೆ ಆನಿಕೊಂಡು ಕುಸಿದು ಕೂತಿದ್ದರು. ಕೊಡ ಮಗ್ಗುಲಾಗಿ ಬಿದ್ದು ನೀರೆಲ್ಲ ಅಡುಗೆಮನೆಗೆ ಹರಿದು ಬರುತ್ತಿತ್ತು.

"ಬಿದ್ರೇನ್ರಿ ಅತ್ತಿ?"

"ಬೀಳಲಿಲ್ಲ. ಕೊಡಾ ಎತ್ತಾಕ ಹೋದೆ. ಬೆನ್ನಾಗ ಏನೋ ಲಟಕ್ಕಂತು."

"ನಿಮಗ ಯಾರು ಎತ್ತಂದ್ರು?"

"ನೀರು ಚೆಲ್ಲಿ ಹೋಗಾಕತ್ತಿತ್ತು. ನೀ ಬರಲಿಲ್ಲ."

ಅವರ ಮುಖ ಸುಣ್ಣದ ಗೋಡೆಯ ಹಾಗಾಗಿತ್ತು. ಕೈ ಕೊಟ್ಟು ಎಬ್ಬಿಸಲು ಹೋದರೆ ಕಿರುಚಿದರು. ಆ ಹೆಂಗಸು ಕಿರುಚಿದ್ದನ್ನು ನಾನು ಮದುವೆಯಾಗಿ ಬಂದಂದಿನಿಂದ ಕೇಳಿರಲಿಲ್ಲ. ರೋಹಿತ ಡಬ್ಬಿ ಮರೆತು ರಿಕ್ಷಾ ತರಲು ಇಳಿದು ಹೋದ. ನಾಲ್ಕನೇ ಇಯತ್ತೆ ಓದುವ ಮಗಳು ರೇಣು ಒಂದು ಜಡೆ ಹಾಕಿಕೊಂಡು, ಇನ್ನೊಂದರ ರಿಬ್ಬನ್ನು ಬಾಯಲ್ಲಿ ಕಚ್ಚಿಕೊಂಡು ಕೋಣೆಯ ಬಾಗಿಲಲ್ಲೇ ನಿಂತುಬಿಟ್ಟಿದ್ದಳು. "ಆಯಿಗೆ ಒಂದು ತಲಿದಿಂಬು ತಾರಽ" ಎಂದರೂ ಅಲುಗಲಿಲ್ಲ. ಹೆದರಿರಬೇಕು ಅಂದುಕೊಂಡೆ. ನಮ್ಮ ಮಕ್ಕಳು ಅಜ್ಜಿಗೆ ಆಯಿ ಅನ್ನುತ್ತಾರೆ.

ಬೆನ್ನು ನೋವು ಹೊಸದೇನಲ್ಲ. ದಸರಾಕ್ಕೂ ಮುಂಚಿನಿಂದ ಇತ್ತು. ಸೊಂಟ ಹಿಡದದ ಅಂತ ಅವರು, ವಯಸ್ಸಾತು ಅಂತ ನಾವು. ಎಣ್ಣೆ ಹಚ್ಚಿದ್ದಾಯಿತು, ಇಟ್ಟಿಗೆ ಕಾಯಿಸಿ ಇಟ್ಟಿದ್ದಾಯಿತು. ಅವರಿಗೆ ಎಲ್ಲಕ್ಕಿಂತ ಹಿತ ಅನಿಸುತ್ತಿದ್ದದ್ದು ರೇಣು ತುಳಿಯುವುದು. ನಮ್ಮ ಕಡೆ ಅದು ತಲೆತಲಾಂತರದ ಔಷಧಿ. ದಣಿದು ಬಂದ ಹಿರಿಯರು ಬೋರಲು ಮಲಗುತ್ತಾರೆ, ಮನೆಯ ಸಣ್ಣ ಕೂಸು ಬೆನ್ನ ಮೇಲೆ ನಡೆಯುತ್ತದೆ. ರೇಣು ದಿನಾ ಸಂಜೆ ಕಿಟಕಿಯ ಸರಳು ಹಿಡಿದು ಆಯಿಯ ಬೆನ್ನೇರುವಳು. ಶಾಲೆಯ ಕಥೆಯೆಲ್ಲ ಅಲ್ಲೇ ಆಗಬೇಕು.

"ಹಿಮ್ಮಡಿ ಊರು, ಹಿಮ್ಮಡಿ. ಗುಬ್ಬಿ ಕುಂತಂಗ ಆಗಾಕತ್ತೇತಿ" ಎಂದು ಅತ್ತೆ ಕೆಳಗಿನಿಂದ ಹೇಳುವರು.

"ನಿನ್ನಿ ಆನಿ ಅಂದಿದ್ದಿ!"

"ನಿನ್ನಿ ಹೋಳಿಗಿ ತಿಂದಿದ್ದಿ, ಇವತ್ತ ಅನ್ನ ಸಾರು."

ಇಬ್ಬರೂ ನಗುವರು. ಕೂಲಿಯಾಗಿ ಒಂದು ಹಿಡಿ ಶೇಂಗಾ. ನಾನು ಅಡುಗೆಮನೆಯಿಂದ ಅವರ ಮಾತು ಕೇಳಿಸಿಕೊಳ್ಳುತ್ತ ಪಲ್ಯ ಹೆಚ್ಚುತ್ತಿದ್ದೆ.

ಪುಣೆಯ ದೊಡ್ಡ ಆಸ್ಪತ್ರೆಗೆ ಎಲ್ಲರೂ ಹೋದೆವು. ನನ್ನ ಗಂಡ ಮಹಾಂತೇಶ, ಮನೆಯವರಿಗೆಲ್ಲ ಮಾಂತು, ಭೋಸರಿಯ ಕಾರ್ಖಾನೆಯ ಸ್ಟೋರಿನಿಂದ ಅರ್ಧ ದಿನದ ರಜೆ ಹಾಕಿ ನೇರ ಅಲ್ಲಿಗೇ ಬಂದರು. ರೇಣುವನ್ನು ಮನೆಯಲ್ಲಿ ಒಬ್ಬಳನ್ನೇ ಬಿಡುವ ಹಾಗಿರಲಿಲ್ಲ. ಎಕ್ಸರೇ ಲಕೋಟೆ ಹಿಡಿಯುವ ಕೆಲಸ ಅವಳಿಗೆ ಕೊಟ್ಟೆ. ಎಲುಬಿನ ಡಾಕ್ಟರು ಎಕ್ಸರೇಯನ್ನು ಬೆಳಕಿಗೆ ಹಿಡಿದು ಬಹಳ ಹೊತ್ತು ನೋಡಿದರು. ಬೆನ್ನುಮೂಳೆಯ ಒಂದು ಎಲುಬು ಚಪ್ಪಟೆಯಾಗಿ ಕುಸಿದಿತ್ತು.

"ಬೆನ್ನಿಗೆ ಮಾಲೀಶು, ಗೀಲೀಶು? ಯಾರಾದರೂ ತುಳಿದರಾ?" ಎಂದು ಮರಾಠಿಯಲ್ಲಿ ಕೇಳಿದರು. ದನಿ ಗದರಿಸುವ ಹಾಗಿತ್ತು.

"ನಾಹೀ, ನಾಹೀ" ಎಂದರು ಅತ್ತೆ ತಟ್ಟನೆ.

ಹಳ್ಳಿಯ ಜನ ಅಂತ ಬೈಯಿಸಿಕೊಳ್ಳುವುದು ಯಾಕೆ ಅಂತ ಅವರಿಗೆ ಅನಿಸಿರಬೇಕು. ನನಗೂ ಹಾಗೇ ಅನಿಸಿತು, ಸುಮ್ಮನಿದ್ದೆ. ಪಕ್ಕದಲ್ಲಿ ರೇಣು ಲಕೋಟೆ ಎದೆಗೆ ಅವಚಿಕೊಂಡು ನಿಂತಿದ್ದಳು.

ಮುಂದೆ ರಕ್ತ ಪರೀಕ್ಷೆ, ಮೂತ್ರ ಪರೀಕ್ಷೆ, ಸೊಂಟದ ಎಲುಬಿಗೆ ಸೂಜಿ ಹಾಕಿ ಮಜ್ಜೆ ತೆಗೆಯುವುದು. ಕಡೆಗೆ ಬೇರೆ ವಾರ್ಡಿಗೆ, ರಕ್ತದ ಡಾಕ್ಟರ ಹತ್ತಿರ ಕಳಿಸಿದರು. ಆಕೆ ಸಣ್ಣ ವಯಸ್ಸಿನವಳು, ಅವಸರ ಮಾಡಲಿಲ್ಲ. ಮಲ್ಟಿಪಲ್ ಮೈಲೋಮಾ ಅಂದಳು. ಎಲುಬಿನೊಳಗಿನ ಮಜ್ಜೆಗೆ ಬರುವ ಕ್ಯಾನ್ಸರ್. ಎಲುಬನ್ನು ಒಳಗಿನಿಂದ ತಿನ್ನುತ್ತದೆ, ಕಿಡ್ನಿಗೂ ಕಾಟ ಕೊಡುತ್ತದೆ. ಪೂರಾ ಹೋಗುವುದಿಲ್ಲ, ಆದರೆ ಔಷಧಿಗೆ ಬಗ್ಗುತ್ತದೆ, ವರ್ಷಗಟ್ಟಲೆ ಹತೋಟಿಯಲ್ಲಿ ಇಟ್ಟವರಿದ್ದಾರೆ. ನೀರು ಬಹಳ ಕುಡಿಯಬೇಕು, ಭಾರ ಎತ್ತಬಾರದು, ಅಂಗಡಿಯ ನೋವಿನ ಗುಳಿಗೆ ಮುಟ್ಟಬಾರದು.

"ಒಂದು ಕೊಡ ಎತ್ತಿದ್ದಕ್ಕೆ ಹೀಗಾಯ್ತಾ?" ಎಂದು ನಾನು ಕೇಳಿದೆ.

"ಕೊಡ ಒಂದು ನೆಪ ಅಷ್ಟೇ. ಒಳಗೆ ಆಗಲೇ ಪೊಳ್ಳಾಗಿತ್ತು. ಜೋರಾಗಿ ಸೀನಿದ್ದರೂ ಕುಸಿಯುತ್ತಿತ್ತು."

ನುಸಿ ತಿಂದ ಜೋಳ ನನ್ನ ಕಣ್ಣಿಗೆ ಬಂತು. ಮೇಲೆ ನೋಡಿದರೆ ಗುಂಡಗೆ ಬೆಳ್ಳಗೆ, ಬೆರಳಲ್ಲಿ ಒತ್ತಿದರೆ ಹಿಟ್ಟು.

ಆ ಮಾತು ಹೇಳುವಾಗ ನನ್ನ ಗಂಡ ಕೆಳಗೆ ಕೌಂಟರಿನ ಸಾಲಿನಲ್ಲಿದ್ದರು. ಅತ್ತೆ ವಾರ್ಡಿನ ಮಂಚದ ಮೇಲೆ, ಮಕ್ಕಳು ಹೊರಗೆ ಬೆಂಚಿನ ಮೇಲಿದ್ದರು. ಕೇಳಿಸಿಕೊಂಡವಳು ನಾನೊಬ್ಬಳೇ. ಅದೇ ಆಮೇಲೆ ನನಗೆ ಮುಳುವಾಯಿತು.

ಸೊಲ್ಲಾಪುರದಿಂದ ನಾದಿನಿ ಸಕ್ಕುಬಾಯಿ ಬಂದರು. ನನ್ನ ಗಂಡನ ಅಕ್ಕ. ಚಪ್ಪಲಿ ಬಿಡುವ ಮೊದಲೇ ಕೇಳಿದರು.

"ಕೊಡಾ ಯಾಕ ಬಿಟ್ಟಿದ್ದಿ ಭಾಮಾ, ನಲ್ಲಿ ಬುಡಕ?"

"ರೊಟ್ಟಿ ಸೀದಿತ್ರಿ ಅಕ್ಕಾರ."

"ರೊಟ್ಟಿ ಸೀದ್ರ ಇನ್ನೊಂದು ಬಡೀಬಹುದು. ಅವ್ವನ ಬೆನ್ನು ಬಡಿಯಾಕ ಬರತೈತೇನು?"

"ಅದು ಕೊಡದಿಂದ ಆದದ್ದಲ್ರಿ. ಡಾಕ್ಟರು ಹೇಳ್ಯಾರ..."

"ಯಾವಾಗ ಹೇಳ್ಯಾರ? ನನ್ನ ಮುಂದಂತೂ ಹೇಳಲಿಲ್ಲ" ಎಂದರು ನನ್ನ ಗಂಡ ಉಣ್ಣುತ್ತಿದ್ದ ತಾಟಿನಿಂದ ತಲೆಯೆತ್ತದೆ.

"ನೀವು ಕೌಂಟರಿನಾಗ ಇದ್ರಿ."

"ಭಾಳ ಛಲೋ ಆತು. ನಾ ಇಲ್ಲದಾಗ ಹೇಳಿದ್ರು."

ನಾನು ಸಾರಿನ ಸೌಟನ್ನು ಪಾತ್ರೆಯೊಳಗೆ ಬಿಟ್ಟು ಒಳಗೆ ಹೋದೆ. ಎರಡು ಕೋಣೆಯ ಮನೆಯಲ್ಲಿ ಒಳಗೆ ಅಂದರೆ ಅಡುಗೆಮನೆ. ಅಲ್ಲಿ ರೇಣು ಗೋಡೆಗೆ ಮುಖ ಮಾಡಿ ಕೂತು ಪೆನ್ಸಿಲ್ ಚೂಪು ಮಾಡುತ್ತಿದ್ದಳು. ಆಗಲೇ ಚೂಪಾಗಿದ್ದ ಪೆನ್ಸಿಲು.

"ಕೊಡಾ ಬಿಟ್ಟವರಿಗೆ ಪಪ್ಪಾ ಇನ್ನೂ ಬೈತಾರೇನು?" ಎಂದು ಕೇಳಿದಳು.

"ಬೈಯಲಿ ಬಿಡು. ನಿನಗ್ಯಾಕ?"

ಅವಳು ಪೆನ್ಸಿಲು ಚೂಪು ಮಾಡುತ್ತಲೇ ಇದ್ದಳು.

ಔಷಧಿ ಶುರುವಾಯಿತು. ದಿನಾ ಮಲಗುವಾಗ ಒಂದು ಮಾತ್ರೆ. ಅದು ನಿದ್ದೆ ತರುತ್ತದೆ, ಹೊಟ್ಟೆ ಕಟ್ಟುತ್ತದೆ, ಕಾಲು ಜೋಮು ಹಿಡಿಸುತ್ತದೆ. ಅದರ ಜೊತೆ ಆಗಾಗ ನಾಲ್ಕು ದಿನ ಸ್ಟಿರಾಯ್ಡ್. ಹತ್ತು ಗುಳಿಗೆ ಒಂದೇ ಸಲ ನುಂಗಬೇಕು. ನಮ್ಮ ಮನೆಯಲ್ಲಿ ಅದಕ್ಕೆ "ಗುಳಿಗಿ ದಿನ" ಅಂತಲೇ ಹೆಸರಾಯಿತು. ಆ ದಿನಗಳಲ್ಲಿ ಅತ್ತೆಗೆ ನಿದ್ದೆಯಿಲ್ಲ, ಮುಖ ಕೆಂಪು, ಹಸಿವೆ ಮೂರು ಆಳಿನದು, ಸಿಟ್ಟು ಆರು ಆಳಿನದು. ಬೆನ್ನಿಗೆ ಬಿಗಿದ ಪಟ್ಟಿಯಲ್ಲಿ ನೆಟ್ಟಗೆ ನಿಂತು ಪೊಲೀಸನ ಹಾಗೆ ಅಡುಗೆಮನೆಗೆ ಬರುವರು.

"ಇದು ರೊಟ್ಟಿಯೋ, ಪಾಟಿಯೋ? ಇದರ ಮ್ಯಾಲ ಅಕ್ಷರಾ ಬರೀಬಹುದು."

"ಬರೀರಿ ಅತ್ತಿ. ಮದಲ ನೀರು ಕುಡೀರಿ."

"ನೀರು, ನೀರು! ನಾನೇನು ಎಮ್ಮಿ ಅದೀನಿ? ಕುಡದ್ರ ಸಂಡಾಸಕ್ಕ ನಡೀಬೇಕು. ಎಬ್ಬಸಾಕ ನೀ ಬೈಕೋತ ಬರ್ತಿ."

"ನಾ ಎಂದು ಬೈದೀನ್ರಿ?"

"ಬಾಯಿಲೆ ಬೈಯೂದಿಲ್ಲ. ಬಳಿ ಸಪ್ಪಳ ಮಾಡಿ ಬೈತಿ."

ರೋಹಿತ ಪುಸ್ತಕದ ಹಿಂದೆ ಮುಖ ಮುಚ್ಚಿಕೊಂಡು ನಗುವನು. ಹನ್ನೆರಡನೆಯ ಇಯತ್ತೆಯ ಪರೀಕ್ಷೆ ಹತ್ತಿರ ಬಂದಿತ್ತು, ಓದಲು ಜಾಗವಿಲ್ಲದೆ ಜಿನೆಯ ಮೆಟ್ಟಿಲ ಮೇಲೆ ಕೂರುವನು. ಸೈಬರ್ ಕೆಫೆಗೆ ಹೋಗಿ ಈ ರೋಗದ ವಿಷಯ ಹುಡುಕಿ ಬಂದ ದಿನ ಮಾತ್ರ ನಗಲಿಲ್ಲ. ಆಯಿಗೆ ತಾನೇ ಒಂದು ತಂಬಿಗೆ ನೀರು ಕುಡಿಸಿದ.

ನಾಲ್ಕು ದಿನ ಮುಗಿದ ಮರುದಿನ ಅತ್ತೆ ಹಿಂಡಿದ ಬಟ್ಟೆಯ ಹಾಗೆ ಮಲಗಿಬಿಡುವರು. ಬಾಯಿಗೆ ರುಚಿಯಿಲ್ಲ. ಹಸಿ ಉಳ್ಳಾಗಡ್ಡಿ ಕೊಡು ಅನ್ನುವರು. ಹಸಿಯದು ಬೇಡ ಅಂದಿದ್ದಾರೆ, ಸೋಂಕು ತಗಲುತ್ತದೆ ಅಂದರೆ, "ಉಳ್ಳಾಗಡ್ಡಿ ಇಲ್ಲದ ರೊಟ್ಟಿ ಹೆಣದ ಊಟ" ಎಂದು ಗೋಡೆಯ ಕಡೆ ಹೊರಳಲು ಹೋಗಿ, ಹೊರಳಲಾಗದೆ ನರಳುವರು. ನಾನು ಈರುಳ್ಳಿಯನ್ನು ಕೆಂಡದ ಬಣ್ಣ ಬರುವವರೆಗೆ ಹಂಚಿನ ಮೇಲೆ ಸುಟ್ಟು ಕೊಟ್ಟೆ. ಮುಟ್ಟಲಿಲ್ಲ. ಮತ್ತೆ ಆಸ್ಪತ್ರೆಯ ದಿನ, ಮತ್ತೆ ರಕ್ತ ತೆಗೆಸುವುದು, ತಿಂಗಳಿಗೊಮ್ಮೆ ಎಲುಬು ಗಟ್ಟಿಯಾಗಲು ಸಲಾಯಿನ್ನಿನಲ್ಲಿ ಹನಿಹನಿಯಾಗಿ ಔಷಧಿ. ರಿಕ್ಷಾ ಒಂದು ಹಳ್ಳ ಹಾರಿದರೂ ಅವರು ನನ್ನ ಮೊಣಕೈ ಹಿಂಡುವರು. ಅದಕ್ಕೆ ಲೋಕಲ್ ಟ್ರೇನೇ ವಾಸಿ ಅಂತ ಅದರಲ್ಲೇ ಒಯ್ಯತೊಡಗಿದೆವು. ಖಡಕಿ ಸ್ಟೇಶನ್ನು ಬಂದಾಗ ಮಾತ್ರ ಅವರು ಕಿಟಕಿಯಿಂದ ಹೊರಗೆ ನೋಡುವರು. ತೀರಿಹೋದ ಮಾವನವರು ಅಲ್ಲಿಯ ಮದ್ದುಗುಂಡಿನ ಕಾರ್ಖಾನೆಯಲ್ಲಿದ್ದವರು.

"ಅಷ್ಟು ಮದ್ದು ಮಾಡಿದ ಮನುಷ್ಯಾ, ನನಗೊಂದು ಮದ್ದು ಮಾಡಿಟ್ಟು ಹೋಗಲಿಲ್ಲ ನೋಡು" ಎಂದು ಒಂದು ಸಲ ಅಂದರು. ಅದೊಂದೇ ತಮಾಷೆ ಆ ತಿಂಗಳಿನಲ್ಲಿ.

ಇಷ್ಟನ್ನೂ ನಾನು ಹೇಗೋ ತೂಗಿಸಿಕೊಂಡು ಹೋಗುತ್ತಿದ್ದೆ. ತೂಗಿಸಲಾಗದೆ ಹೋದದ್ದು ರೇಣುವನ್ನು.

ಹುಟ್ಟಿದಂದಿನಿಂದ ಆಯಿಯ ಹಾಸಿಗೆಯಲ್ಲೇ ಮಲಗಿದ ಹುಡುಗಿ ಅಡುಗೆಮನೆಗೆ ಚಾಪೆ ತಂದುಕೊಂಡಳು. ಆಯಿ ಮಲಗಿದ ಕೋಣೆಯ ಹೊಸ್ತಿಲು ದಾಟುವುದನ್ನೇ ಬಿಟ್ಟಳು, ಬಂದುಹೋಗುವುದೆಲ್ಲ ಅಡುಗೆಮನೆಯ ಕಡೆಯ ಬಾಗಿಲಿನಿಂದ. ನೀರಿನ ತಂಬಿಗೆ ಕೊಟ್ಟು ಬಾ ಅಂದರೆ ಹೊಸ್ತಿಲ ಮೇಲಿಟ್ಟು ಓಡಿಬರುವಳು. ಪಾಟಿಚೀಲ ಆ ಕೋಣೆಯಲ್ಲಿ ಉಳಿದರೆ ಅಣ್ಣನ ಕೈಲಿ ತರಿಸುವಳು. ಊಟವೂ ಕಡಿಮೆಯಾಯಿತು. ಒಂದು ರೊಟ್ಟಿಯ ಮೇಲೆ ಇನ್ನೊಂದನ್ನು ಹಾಕಲು ಹೋದರೆ ತಾಟಿನ ಮೇಲೆ ಎರಡೂ ಕೈ ಅಡ್ಡ ಇಡುವಳು.

"ಯಾಕಽ? ಹೊಟ್ಟಿ ನೋವೇನು?"

"ಸಾಕು. ನಾ ದಪ್ಪ ಅದೀನಿ."

"ಯಾರಂದ್ರು? ಶಾಲ್ಯಾಗ ಅಂದ್ರೇನು?"

"ಯಾರೂ ಅನ್ನಲಿಲ್ಲ."

ಒಂದು ಸಲ ಅವಳಿಗೆ ಶಾಲೆಯ ರಜೆಯಿದ್ದದ್ದರಿಂದ ಆಸ್ಪತ್ರೆಗೆ ಕರೆದುಕೊಂಡು ಹೋಗಿದ್ದೆ. ಬರುವಾಗ ಶಿವಾಜಿನಗರ ಸ್ಟೇಶನ್ನಿನಲ್ಲಿ ತೂಕದ ಮಶೀನು ಕಂಡು ರೂಪಾಯಿ ಕೇಳಿದಳು. ಬಣ್ಣದ ದೀಪ ಮಿನುಗುವ ಮಶೀನು, ಮಕ್ಕಳಿಗೆ ಇಷ್ಟ. ಕೊಟ್ಟೆ. ಚೀಟಿ ಬಿತ್ತು. ಅದರ ಹಿಂದೆ ಬರೆದ ಭವಿಷ್ಯವನ್ನು ಓದು ಅಂತ ನಾನು ನಗುತ್ತ ಅಂದರೆ, ಅವಳು ತೂಕ ನೋಡಿ ಚೀಟಿಯನ್ನು ಹರಿದು ಹಳಿಯ ಮೇಲೆ ಎಸೆದಳು.

"ರೂಪಾಯಿ ಕೊಟ್ಟ ಚೀಟಿ ಯಾಕ ಹರದಿ?" ಎಂದು ಗದರಿಸಿದೆ. ಅತ್ತೆಯನ್ನು ಹಿಡಿದುಕೊಳ್ಳಬೇಕು, ಫೈಲು ಹಿಡಿದುಕೊಳ್ಳಬೇಕು, ಟ್ರೇನು ಬರುತ್ತಿತ್ತು.

ಅತ್ತೆ ಎಲ್ಲವನ್ನೂ ನೋಡುತ್ತಿದ್ದರು. ಮೊದಮೊದಲು ನಗುತ್ತಲೇ ಕರೆದರು. "ಗುಬ್ಬಿ, ಶೇಂಗಾ ಅದಾವ ಬಾ." ಆಮೇಲೆ ಮುನಿಸು. ಒಂದು ಮಧ್ಯಾಹ್ನ ಕಾಲಿನ ಜೋಮು ಜೋರಾಗಿತ್ತು. ಪಾದದ ತುಂಬ ಇರುವೆ ಹರಿದಂತೆ ಅನ್ನುವರು. ನಾನು ತಿಕ್ಕುತ್ತಿದ್ದೆ. ರೇಣು ಶಾಲೆಯಿಂದ ಬಂದವಳು ಬಾಗಿಲಲ್ಲಿ ಹಾದು ಹೋದಳು.

"ಏ ಗುಬ್ಬಿ, ಬಾ. ಪಾದದ ಮ್ಯಾಲ ಸ್ವಲ್ಪ ನಿಂದ್ರು. ಅವ್ವನ ಕೈಯಾಗ ಶಕ್ತಿ ಇಲ್ಲ. ಪಾದಾ ತುಳದ್ರ ಛಲೋ ಆಗ್ತದ" ಎಂದರು ಅತ್ತೆ.

ಹುಡುಗಿ ಹಾವು ಕಂಡ ಹಾಗೆ ಹಿಂದೆ ಸರಿದಳು.

"ಒಲ್ಲೆ!"

"ಬರೇ ಪಾದಾ..."

"ಒಲ್ಲೆ, ಒಲ್ಲೆ, ಒಲ್ಲೆ!" ಎಂದು ಚೀಲ ಬಿಸಾಕಿ ಜಿನೆ ಇಳಿದು ಓಡಿಹೋದಳು. ಕೆಳಗಿನ ಮನೆಯ ದೀಪಾಲಿಯ ಹತ್ತಿರ ಕೂತವಳು ದೀಪ ಹಚ್ಚುವ ಹೊತ್ತಿನವರೆಗೂ ಬರಲಿಲ್ಲ.

ಅತ್ತೆ ನನ್ನ ಕೈಯಿಂದ ಪಾದ ಎಳೆದುಕೊಂಡರು. ಆಮೇಲೆ ಮೆಲ್ಲಗೆ ಅಂದರು. "ಏನು ಹೇಳೀದಿ ಅಕಿಗೆ?"

"ನಾನೇನು ಹೇಳ್ಲಿ ಅತ್ತಿ?"

"ಆಯಿಗೆ ಒಬ್ಬರಿಂದ ಒಬ್ಬರಿಗೆ ಹತ್ತೂ ರೋಗ ಬಂದದ, ದೂರ ಇರು ಅಂತ."

"ದೇವರಾಣಿ ಹೇಳಿಲ್ರಿ. ಇದು ಹತ್ತೂ ರೋಗ ಅಲ್ಲ ಅಂತ ನಾನಽ ಎಲ್ಲಾರಿಗೂ ಹೇಳ್ತೀನಿ."

"ಕೂಸಿಗೆ ತಾನಾಗಿ ಹೇಸಿಗಿ ಬರೂದಿಲ್ಲ ಭಾಮಾ. ಯಾರರ ಕಲಸಬೇಕು."

ರೇಣು ಬಂದ ಕೂಡಲೇ ಅವಳ ಬೆನ್ನಿಗೆ ಎರಡು ಹಾಕಿದೆ. ಮಕ್ಕಳ ಮೇಲೆ ಕೈ ಎತ್ತುವವಳಲ್ಲ ನಾನು. ಆ ದಿನ ಎತ್ತಿದೆ. ಅವಳು ಅಳಲಿಲ್ಲ, ತಪ್ಪಿಸಿಕೊಳ್ಳಲೂ ಇಲ್ಲ. ಇನ್ನೆರಡು ಬೀಳಲಿ ಅನ್ನುವ ಹಾಗೆ ನಿಂತೇ ಇದ್ದಳು. ನನ್ನ ಕೈ ತಾನೇ ಕೆಳಗಿಳಿಯಿತು. "ಏನಾಗೇತಿ ನಿನಗ? ಬಾಯಿ ಬಿಟ್ಟು ಹೇಳಾರಽ!" ಎಂದೆ. ಅಷ್ಟರಲ್ಲಿ ಒಲೆಯ ಮೇಲೆ ಹಾಲು ಉಕ್ಕಿತು, ನಾನು ಅದರ ಕಡೆ ಹೋದೆ.

ಮುಂದಿನ ಸಲಾಯಿನ್ನಿನ ಹಿಂದಿನ ದಿನ ಭಾನುವಾರ. ಸಕ್ಕುಬಾಯಿ ಮತ್ತೆ ಬಂದಿದ್ದರು. ಔಷಧಿ ಹಿಡಿದಿದೆ, ರಕ್ತದಲ್ಲಿನ ಆ ಕೆಟ್ಟ ಪ್ರೋಟೀನು ಇಳಿದಿದೆ ಅಂತ ಡಾಕ್ಟರಮ್ಮ ಹೋದ ಸಲವೇ ಹೇಳಿದ್ದಳು. ಬಿಡದೆ ಮುಂದುವರಿಸಬೇಕು, ನಡುವೆ ನಿಲ್ಲಿಸಿದರೆ ಮೊದಲಿಗಿಂತ ಜೋರಾಗಿ ತಿರುಗಿ ಬರುತ್ತದೆ ಅಂತಲೂ ಹೇಳಿದ್ದಳು. ಆ ಮಾತು ಹೇಳುವಾಗ ನನ್ನ ಗಂಡನೂ ಪಕ್ಕದಲ್ಲಿದ್ದರು, ಪುಣ್ಯ. ಎಷ್ಟೋ ದಿನದ ಮೇಲೆ ನಾನು ಬದನೆಕಾಯಿ ತುಂಬುಗಾಯಿ ಮಾಡಿದ್ದೆ. ಅತ್ತೆಯ ಮಂಚದ ಸುತ್ತ ಎಲ್ಲರ ತಾಟು. ರೇಣು ಮಾತ್ರ ಅಡುಗೆಮನೆಯಲ್ಲಿ.

ಅತ್ತೆ ತಾಟನ್ನು ಸರಿಸಿದರು.

"ನಾಳಿ ನಾ ಬರೂದಿಲ್ಲ ಮಾಂತು."

"ಎಲ್ಲಿಗೆ?"

"ದವಾಖಾನಿಗೆ. ಗುಳಿಗಿನೂ ಸಾಕು. ಸಕ್ಕುನ ಕೂಡ ಸೊಲ್ಲಾಪುರಕ್ಕ ಹೋಗ್ತೀನಿ. ಅಲ್ಲೇ ಬಿದ್ದಿರ್ತೀನಿ."

"ಏನು ಮಾತಾಡ್ತಿ ಯವ್ವಾ? ಔಷಧಿ ಹಿಡದದ ಅಂತ ಹೇಳ್ಯಾರ."

"ಹಿಡೀಲಿ. ಹಿಡದು ಯಾರಿಗೆ ಬದುಕಬೇಕು? ಎತ್ತಿ ಆಡಿಸಿದ ಕೂಸು ನನ್ನ ಹೆಣಾ ನೋಡಿದಂಗ ನೋಡ್ತದ. ಹೊಸ್ತಿಲದಾಗ ನೀರಿಟ್ಟು ಓಡ್ತದ, ನಾಯಿಗೆ ಇಟ್ಟಂಗ. ಇಷ್ಟು ನೋಯಿಸಿಕೊಂಡು, ಇಷ್ಟು ಸೂಜಿ ಚುಚ್ಚಿಸಿಕೊಂಡು, ಇದನ್ನ ನೋಡಾಕ ಇರಬೇಕೇನು?"

ನನ್ನ ಗಂಡ ತುತ್ತು ಕೆಳಗಿಟ್ಟರು. "ಭಾಮಾ!"

ನಾನು ಅಡುಗೆಮನೆಯಲ್ಲಿ ಕಡೆಯ ರೊಟ್ಟಿ ಬಡಿಯುತ್ತಿದ್ದೆ. ಹಿಟ್ಟಿನ ಕೈಯಲ್ಲೇ ಬಂದೆ.

"ಆ ಹುಡುಗಿಗೆ ಏನು ತಲಿ ತುಂಬೀದಿ?"

"ನಾ ಏನೂ ತುಂಬಿಲ್ಲ. ಸಾವಿರ ಸಲ ಹೇಳೀನಿ."

"ಹಂಗಾರ ಅಕಿ ಯಾಕ ಬರವಲ್ಲಳು?"

"ನೀವು ಕೇಳ್ರಿ. ನಿಮ್ಮ ಮಗಳೂ ಹೌದಲ್ಲ. ಒಂದು ದಿನರ ಕೂಡಿಸಿಕೊಂಡು ಕೇಳೀರೇನು?"

"ನಾ ಡ್ಯೂಟಿಗೆ ಹೋಗೂದೋ, ಇದನ್ನೆಲ್ಲ ನೋಡೂದೋ?"

"ಹೌದ್ರಿ. ನನಗೇನು ಡ್ಯೂಟಿನಽ ಇಲ್ಲ."

"ಪಪ್ಪಾ, ಅವ್ವಗ ಬೈಬ್ಯಾಡ್ರಿ. ಮುಂಜಾನಿಂದ ಅಕಿ ಇನ್ನೂ ಕುಂತಿಲ್ಲ" ಎಂದ ರೋಹಿತ.

"ನೀ ಸುಮ್ಮ ಕೂಡ್ರು, ದೊಡ್ಡಾಂವ ಆಗೀದಿ!"

ಸಕ್ಕುಬಾಯಿ ನಿಟ್ಟುಸಿರು ಬಿಟ್ಟು, ಯಾರನ್ನೂ ನೋಡದೆ, ತುಂಬುಗಾಯಿಯನ್ನು ಮುರಿಯುತ್ತ ಅಂದರು. "ಏನು ಮಾತಾಡಿ ಏನು ಬಂತು. ಅವತ್ತು ಆ ಕೊಡಾ ಒಂದು ಅಲ್ಲಿ ಬಿಡದಿದ್ರ, ಇವತ್ತ ಇದು ಯಾವುದೂ ಇರ್ತಿರಲಿಲ್ಲ."

ನನ್ನೊಳಗೆ ಏನೋ ಕಡಿದುಹೋಯಿತು.

"ಹೌದು!" ಎಂದೆ. ನನ್ನ ದನಿ ಕೆಳಗಿನ ಮಹಡಿಗೂ ಕೇಳಿರಬೇಕು. "ನಾನಽ ಮುರದೆ. ಬೇಕಂತಽ ಬಿಟ್ಟಿದ್ದೆ ಕೊಡಾ. ನಿಮ್ಮವ್ವ ಬಂದು ಎತ್ತಲಿ, ಬೆನ್ನು ಮುರೀಲಿ ಅಂತಽ ಬಿಟ್ಟಿದ್ದೆ. ಆತಿಲ್ಲೋ? ಎಲ್ಲಾರಿಗೂ ಸಮಾಧಾನ ಆತಿಲ್ಲೋ? ನಾನಽ ಮುರದೆ!"

ಅಡುಗೆಮನೆಯಿಂದ ರೊಟ್ಟಿ ಸೀಯುವ ವಾಸನೆ ಬಂತು. ನಾನು ಕದಲಲಿಲ್ಲ. ಸೀಯಲಿ.

"ಅವ್ವ ಅಲ್ಲ."

ದನಿ ಬಂದದ್ದು ನನ್ನ ಹಿಂದಿನಿಂದ. ರೇಣು ಅಡುಗೆಮನೆಯ ಬಾಗಿಲಲ್ಲಿ ನಿಂತಿದ್ದಳು, ಎಡಗೈಯಲ್ಲಿ ಅರ್ಧ ರೊಟ್ಟಿ.

"ಏನಂದಿ?" ಎಂದರು ನನ್ನ ಗಂಡ.

"ಅವ್ವ ಮುರೀಲಿಲ್ಲ. ಕೊಡಾದಿಂದನೂ ಅಲ್ಲ."

ಇಷ್ಟು ವಾರಗಳಲ್ಲಿ ಮೊದಲ ಸಲ ಅವಳು ಆ ಹೊಸ್ತಿಲು ದಾಟಿದಳು. ತಾಟುಗಳ ನಡುವೆ ದಾರಿ ಮಾಡಿಕೊಂಡು ಮಂಚದ ಹತ್ತಿರ ಬಂದಳು. ಅಲ್ಲಿ ಬಂದು ಒಂದು ಪಾದದ ಮೇಲೆ ಇನ್ನೊಂದು ಪಾದ ಇಟ್ಟುಕೊಂಡು, ಎರಡನ್ನೂ ಮುಚ್ಚಿಡಲು ಜಾಗ ಹುಡುಕುವವಳ ಹಾಗೆ ನಿಂತಳು. ಆಯಿಯ ಮುಖ ನೋಡಲಿಲ್ಲ. ಸೀರೆಯ ಮೇಲೆ ಬಿಗಿದ ಬೆನ್ನಿನ ಪಟ್ಟಿಯನ್ನೇ ನೋಡುತ್ತಿದ್ದಳು.

"ಅವತ್ತು ಡಾಕ್ಟರು ಕೇಳಿದಾಗ ನೀ ಇಲ್ಲ ಅಂದಿ" ಎಂದಳು. "ಯಾರೂ ತುಳದಿಲ್ಲ ಅಂದಿ. ಸುಳ್ಳು ಹೇಳಿದಿ."

ಅತ್ತೆ ಅವಳತ್ತ ಕೈ ಚಾಚಿದರು. ಆ ಕೈ ಗಾಳಿಯಲ್ಲೇ ನಿಂತಿತು. ನನ್ನ ಗಂಡ ನನ್ನನ್ನು ನೋಡಿದರು, ನಾನು ಅವರನ್ನು.

"ಹಿಂದಿನ ದಿನಾ ನಾ ಭಾಳ ಹೊತ್ತು ತುಳದಿದ್ದೆ. ನೀ ಸಾಕು ಅಂದಿದ್ದಿ, ಆದರೂ ಇಳೀಲಿಲ್ಲ." ರೊಟ್ಟಿಯ ತುಂಡು ಕೈಯಿಂದ ಜಾರಿ ಯಾರದೋ ತಾಟಿನೊಳಗೆ ಬಿತ್ತು.

"ನಾ ತುಳದಿದ್ದಕ್ಕಽ ನಿನ್ನ ಬೆನ್ನು ಮುರೀತೇನು, ಆಯಿ?"